ಕ್ಯಾಸರೋಲಿನ ನೀರಿನ ಲೆಕ್ಕ

ಗೆಳತಿ ಕಳಿಸಿದ್ದು ಒಂದು ಹಳೇ ಕಾರ್ಡಿನ ಫೋಟೊ. ಕ್ಯಾಸರೋಲ್ ಎಂಬ, ಪದರ ಜೋಡಿಸಿ ಓವನ್ನಿನಲ್ಲಿ ಬೇಯಿಸುವ ಅಡುಗೆಯ ಪಾಕವಿಧಾನ ಅದರಲ್ಲಿತ್ತು. ಅಂಚಿನಲ್ಲಿ ಬೆಣ್ಣೆಯ ಕಲೆ, ಒಂದು ಮೂಲೆಯಲ್ಲಿ ಶಾಯಿ ಹರಡಿತ್ತು. ಹತ್ತು ಸಾಲೂ ಇರಲಿಲ್ಲ. "ಮಾಡಿ ನೋಡು, ಹೊಟ್ಟೆ ತುಂಬುತ್ತೆ, ಇದನ್ನ ಕೆಡಿಸೋಕೆ ಯಾರಿಗೂ ಆಗಲ್ಲ" ಎಂದು ಜೊತೆಗೊಂದು ಮಾತು ಬರೆದಿದ್ದಳು. ನನಗೆ ಆಯಿತು. ಒಂದಲ್ಲ, ಮೂರು ಸಲ.

ಕಾರ್ಡಿನಲ್ಲಿ ಇದ್ದದ್ದು ಇಷ್ಟು. ಕೊಚ್ಚಿದ ಕೋಳಿ ಮಾಂಸ ಅರ್ಧ ಕಿಲೊ. ಆರು ಆಲೂಗಡ್ಡೆ, ತೆಳ್ಳಗೆ ಹೆಚ್ಚಿದ್ದು. ಒಂದು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್, ಒಂದು ಕಪ್ ಹಸಿ ಬಟಾಣಿ. ಅಣಬೆಯ ಕ್ರೀಮ್ ಸೂಪ್ ಒಂದು ಕ್ಯಾನ್. ತುರಿದ ಚೀಸ್ ಎರಡು ಕಪ್, ಬ್ರೆಡ್ ಪುಡಿ ಒಂದು ಕಪ್. ಎಲ್ಲವನ್ನೂ ಪದರ ಪದರವಾಗಿ ಜೋಡಿಸಿ, 9-13ರ ಪಾತ್ರೆಯಲ್ಲಿ, 350ರಲ್ಲಿ ಒಂದು ಗಂಟೆ. ಎಂಟು ಜನಕ್ಕೆ.

ನಮ್ಮ ಮನೆಯಲ್ಲಿ ಮೂರು ಜನ. ಅದರಲ್ಲಿ ಒಬ್ಬರು ಮಾಂಸ ಮುಟ್ಟುವುದಿಲ್ಲ. ಓವನ್ ಸಣ್ಣದು. ಸೂಪಿನ ಕ್ಯಾನ್ ಮನೆಯಲ್ಲಿ ಇರಲಿಲ್ಲ. ಅಂದರೆ ಆ ಕಾರ್ಡಿನಲ್ಲಿ ನಮಗೆ ಇದ್ದ ಹಾಗೇ ಒಗ್ಗುವುದು ಈರುಳ್ಳಿ, ಕ್ಯಾರೆಟ್, ಬಟಾಣಿ ಮಾತ್ರ. ಅಷ್ಟಕ್ಕೇ ನಾನು ಸುಮ್ಮನಾಗಬಹುದಿತ್ತು. ಆದರೆ ಹೊರಗೆ ಜಿಟಿಜಿಟಿ ಮಳೆ. ಬಿಸಿ ಬಿಸಿಯಾಗಿ, ಮೇಲೆ ಗರಿಗರಿ, ಒಳಗೆ ಮೆತ್ತಗೆ ಇರುವ ಏನನ್ನಾದರೂ ತಿನ್ನಬೇಕು ಅನಿಸಿತ್ತು. ಕ್ಯಾಸರೋಲ್ ಎಂಬುದು ಮೂಲದಲ್ಲಿ ಫ್ರೆಂಚರು ಪಾತ್ರೆಗೆ ಇಟ್ಟ ಹೆಸರು. ಆಮೇಲೆ ಅದರಲ್ಲಿ ಬೇಯಿಸಿದ ಅಡುಗೆಗೂ ಅದೇ ಹೆಸರು ಅಂಟಿಕೊಂಡಿತು. ಪಾತ್ರೆಯ ಹೆಸರೇ ಅಡುಗೆಯ ಹೆಸರು ಎಂದ ಮೇಲೆ ಒಳಗೆ ಏನು ಹಾಕಿದರೂ ನಡೆಯುತ್ತದೆ, ಅಲ್ವಾ? ಹಾಗಂತ ಅಂದುಕೊಂಡೆ.

ಮೊದಲ ಸಲ ಎಲ್ಲವನ್ನೂ ಒಟ್ಟಿಗೇ ಬದಲಿಸಿದೆ. ಅಳತೆ ಅರ್ಧ ಮಾಡಿದೆ. ಮಾಂಸದ ಬದಲು ಬೇಯಿಸಿದ ರಾಜ್ಮಾ ಹಾಕಿದೆ. ಸೂಪಿನ ಪುಡಿಯ ಪೊಟ್ಟಣ ಒಡೆದು, ಅದರ ಮೇಲೆ ಬರೆದಿದ್ದಷ್ಟು ನೀರು ಹಾಕಿ ಕುದಿಸಿ, ಅರ್ಧ ಕ್ಯಾನಿನ ಜಾಗದಲ್ಲಿ ಒಂದು ಬಟ್ಟಲು ಸುರಿದೆ. ಇಷ್ಟು ಸಾಲದು ಎಂಬಂತೆ ಎರಡು ಟೊಮೆಟೊ ಹೆಚ್ಚಿ ಹಾಕಿದೆ. ಟೊಮೆಟೊ ಕಾರ್ಡಿನಲ್ಲಿ ಇರಲಿಲ್ಲ. ಟೊಮೆಟೊ ಹಾಕಿದರೆ ಯಾವ ಅಡುಗೆ ತಾನೇ ಕೆಟ್ಟೀತು ಎಂಬ ಧೈರ್ಯ ನನ್ನದು.

ಓವನ್ ಹತ್ತಿರ ಹೋದಾಗಲೇ ಮೊದಲ ಪೆಟ್ಟು. ಗುಂಡಿ ತಿರುಗಿಸಿದರೆ 250ಕ್ಕೇ ನಿಂತುಬಿಟ್ಟಿತು. ಕಾರ್ಡ್ 350 ಅನ್ನುತ್ತದೆ. ಓವನ್ ಕೆಟ್ಟಿದೆ ಎಂದೇ ಅಂದುಕೊಂಡು ಗುಂಡಿಯನ್ನು ಎರಡು ಸಲ ಬಲವಾಗಿ ತಿರುಚಿದೆ. ಆಮೇಲೆ ಹೊಳೆಯಿತು, ಅದು ಫ್ಯಾರನ್‌ಹೀಟ್. 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ 177 ಬರುತ್ತದೆ. ಓವನ್ನಿನಲ್ಲಿ ಅದನ್ನು 180 ಸೆಲ್ಸಿಯಸ್ ಎಂದು ಇಟ್ಟುಕೊಂಡರೆ ಸಾಕು. ಫ್ಯಾನ್ ತಿರುಗುವ ಓವನ್ ಆದರೆ ಇನ್ನೂ 20 ಡಿಗ್ರಿ ಕಡಿಮೆ, 160. ಹಂಚಿಕೊಂಡ ಪಾಕವಿಧಾನಗಳಲ್ಲಿ ಎಫ್ಪೋ ಸಿಯೋ ಅಂತ ಯಾರೂ ಬರೆಯುವುದಿಲ್ಲ. ಬರೆದವರಿಗೆ ಅದು ಗೊತ್ತೇ ಇರುತ್ತದೆ. 200ಕ್ಕಿಂತ ದೊಡ್ಡ ಅಂಕಿ ಕಂಡರೆ ಒಂದು ಸಲ ಅನುಮಾನಪಡಿ. 300 ದಾಟಿದರೆ ಅನುಮಾನವೇ ಬೇಡ.

ಎರಡನೇ ತಪ್ಪು ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು. ಅಳತೆ ಅರ್ಧ ಮಾಡಿದ್ದೇನೆ, ಹಾಗಾಗಿ ಹೊತ್ತೂ ಅರ್ಧ ಎಂದು ಲೆಕ್ಕ ಹಾಕಿದ್ದೆ. 30 ನಿಮಿಷಕ್ಕೆ ತೆಗೆದು ಚಾಕು ಚುಚ್ಚಿದರೆ ಆಲೂಗಡ್ಡೆ ಕರಕ್ ಎಂದಿತು. ವಿಷಯ ಏನೆಂದರೆ, ಬೇಯುವ ಹೊತ್ತನ್ನು ತೀರ್ಮಾನ ಮಾಡುವುದು ಪಾತ್ರೆಯಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ದಪ್ಪಗಿದೆ ಎನ್ನುವುದು. ಬಿಸಿ ಮೇಲಿನಿಂದ, ಕೆಳಗಿನಿಂದ ಒಳಕ್ಕೆ ನಡೆದು ಹೋಗಬೇಕು. ಎರಡು ಇಂಚು ದಪ್ಪದ ಅಡುಗೆ ಎಂಟು ಜನಕ್ಕಾದರೂ ಮೂರು ಜನಕ್ಕಾದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕೇಳುತ್ತದೆ. ಅದೇ ಎಂಟು ಜನರ ಅಡುಗೆಯನ್ನು ಸಣ್ಣ ಪಾತ್ರೆಯಲ್ಲಿ ಎತ್ತರಕ್ಕೆ ತುಂಬಿದಿರೋ, ಒಂದು ಗಂಟೆಯೂ ಸಾಲದು.

ಪಾತ್ರೆಯ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. 9-13 ಎಂದರೆ ಇಂಚು. ಸುಮಾರು 23 ಸೆಂಟಿಮೀಟರ್ ಅಗಲ, 33 ಉದ್ದ. ಗುಣಿಸಿದರೆ 117 ಚದರ ಇಂಚು. ನನ್ನ ಹತ್ತಿರ ಇರುವುದು 8 ಇಂಚಿನ ಚೌಕದ ಪಾತ್ರೆ. ಅದು 64. ಅರ್ಧಕ್ಕಿಂತ ತುಸು ಜಾಸ್ತಿ. ಹಾಗಾಗಿ ಎಲ್ಲವನ್ನೂ ಅರ್ಧ ಮಾಡಿದರೆ ಸರಿಹೋಗುತ್ತದೆ, ಮೇಲೆ ಕುದಿಯಲು ಸ್ವಲ್ಪ ಜಾಗವೂ ಉಳಿಯುತ್ತದೆ.

ಸರಿ, ಪಾತ್ರೆಯನ್ನು ಮತ್ತೆ ಒಳಗಿಟ್ಟೆ. ಒಂದು ಗಂಟೆಯಾಯಿತು. ಆಲೂಗಡ್ಡೆ ಮತ್ತೆ ಕರಕ್. ಒಂದೂವರೆ ಗಂಟೆಯಾಯಿತು. ಮೇಲಿನ ಬ್ರೆಡ್ ಪುಡಿ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಬದಿಯಲ್ಲಿ ನೀರು ಬುಳುಬುಳು ಎನ್ನುತ್ತಿತ್ತು. ಆ ನೀರಿನಲ್ಲಿ ಒಡೆದ ಹಾಲಿನಂಥ ಬಿಳಿ ಚೂರುಗಳು ತೇಲುತ್ತಿದ್ದವು. ಆಲೂಗಡ್ಡೆ ಮಾತ್ರ ಜಪ್ಪಯ್ಯ ಅಂದರೂ ಬೇಯಲಿಲ್ಲ. ಆ ರಾತ್ರಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು ತಿಂದೆವು. ಮಗಳು ಮಾತ್ರ ಪಾತ್ರೆಯಿಂದ ರಾಜ್ಮಾ ಕಾಳುಗಳನ್ನು ಆರಿಸಿ ಆರಿಸಿ ತಿಂದಳು. ಅಷ್ಟರ ಮಟ್ಟಿಗೆ ಗೆಲುವು.

ಮಾರನೇ ದಿನ ತಲೆ ಕೆರೆದುಕೊಂಡು ಕೂತೆ. ಒಂದೂವರೆ ಗಂಟೆ ಬೆಂಕಿಯಲ್ಲಿದ್ದ ಆಲೂಗಡ್ಡೆ ಹಸಿಯಾಗಿಯೇ ಉಳಿಯುವುದು ಹೇಗೆ? ಓದುತ್ತಾ ಹೋದಾಗ ಸಿಕ್ಕಿದ್ದು ಟೊಮೆಟೊ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬಿಸಿ ನೀರಿನಲ್ಲಿ ಆ ಅಂಟು ಕರಗಿದಾಗಲೇ ತರಕಾರಿ ಮೆತ್ತಗಾಗುವುದು. ಆದರೆ ಸುತ್ತ ಹುಳಿ ಇದ್ದರೆ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ಹೆಚ್ಚಿದ ಹಸಿ ಆಲೂಗಡ್ಡೆಯನ್ನು ಟೊಮೆಟೊ ರಸದಲ್ಲಿ ಮುಳುಗಿಸಿ ಇಟ್ಟ ನಾನು, ಅದು ಬೇಯದ ಹಾಗೆ ಕಾವಲು ಹಾಕಿದಂತಾಗಿತ್ತು. ಕಾಳುಗಳಿಗೂ ಇದೇ ಕಥೆ. ಅರೆಬೆಂದ ಕಾಳಿಗೆ ಹುಳಿ ಬಿದ್ದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ನನ್ನ ರಾಜ್ಮಾ ಮೊದಲೇ ಪೂರ್ತಿ ಬೆಂದಿತ್ತು. ಅದಕ್ಕೇ ಬಚಾವಾಯಿತು.

ಹಾಲು ಒಡೆದದ್ದೂ ಅದೇ ಟೊಮೆಟೊದಿಂದ. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಪಿಎಚ್ 4.6ರ ಹತ್ತಿರ ಬಂದಾಗ ಗಂಟು ಕಟ್ಟುತ್ತದೆ. ಬಿಸಿ ಇದ್ದರೆ ಅದಕ್ಕೂ ಮೊದಲೇ ಒಡೆಯಬಹುದು. ಟೊಮೆಟೊದ ಪಿಎಚ್ 4.3ರಿಂದ 4.9ರ ನಡುವೆ. ತೆಳ್ಳಗಿನ ಹಾಲಿನ ಸೂಪು, ಹುಳಿ ಟೊಮೆಟೊ, ಒಂದೂವರೆ ಗಂಟೆ ಬಿಸಿ. ಒಡೆಯದೆ ಇನ್ನೇನಾದೀತು?

ಆದರೆ ನೀರು? ಅಷ್ಟೊಂದು ನೀರು ಬಂದಿದ್ದು ಎಲ್ಲಿಂದ? ಅದಕ್ಕೆ ಉತ್ತರ ಆ ಒಂದು ಕ್ಯಾನಿನಲ್ಲಿತ್ತು.

ಕಾರ್ಡಿನಲ್ಲಿದ್ದ ಕ್ರೀಮ್ ಸೂಪ್ ನಾನು ಅಂದುಕೊಂಡಂಥ ಸೂಪ್ ಅಲ್ಲ. ಅದು ನೀರು ತೆಗೆದು ಗಟ್ಟಿ ಮಾಡಿದ ಸೂಪ್. ಕುಡಿಯುವುದಾದರೆ ಅದಕ್ಕೆ ಇನ್ನೊಂದು ಕ್ಯಾನಿನಷ್ಟು ನೀರೋ ಹಾಲೋ ಬೆರೆಸಬೇಕು. ಗೆಳತಿಯ ಮನೆಯಲ್ಲಿ ಅದನ್ನು ಹಾಗೇ ಚಮಚದಲ್ಲಿ ತೆಗೆದು ಹಚ್ಚುತ್ತಾರೆ. ನಾನು ಕುಡಿಯುವ ಹದದ ಸೂಪನ್ನು ಸುರಿದಿದ್ದೆ. ನೀರು ಅಲ್ಲೇ ದುಪ್ಪಟ್ಟಾಯಿತು. ಮೇಲೆ ಟೊಮೆಟೊದ ನೀರು ಬೇರೆ.

ಈ ಗಟ್ಟಿ ಸೂಪಿನ ಕಥೆ ಕುತೂಹಲದ್ದು. 1897ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯಲ್ಲಿ ಜಾನ್ ಡೋರನ್ಸ್ ಎಂಬ ರಸಾಯನಶಾಸ್ತ್ರಜ್ಞ ಸೂಪಿನಿಂದ ನೀರು ತೆಗೆದು ಸಣ್ಣ ಕ್ಯಾನಿನಲ್ಲಿ ತುಂಬುವ ದಾರಿ ಕಂಡುಹಿಡಿದರು. ಸಾಗಿಸಲು ಹಗುರ, ಅಷ್ಟೇ ಉದ್ದೇಶ. 1934ರಲ್ಲಿ ಅಣಬೆಯ ಕ್ರೀಮ್ ಸೂಪ್ ಬಂತು. ಮನೆ ಅಡುಗೆಯವರು ಅದನ್ನು ಕುಡಿಯುವುದಕ್ಕಿಂತ ಸಾಸಿನ ಜಾಗದಲ್ಲಿ ಬಳಸುವುದೇ ಜಾಸ್ತಿಯಾಯಿತು. 1955ರಲ್ಲಿ ಅದೇ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬುವರು ಹುರುಳಿಕಾಯಿ ಮತ್ತು ಈ ಸೂಪ್ ಸೇರಿಸಿ ಮಾಡಿದ ಕ್ಯಾಸರೋಲ್ ಅಮೆರಿಕದ ಹಬ್ಬದೂಟದ ಮೇಜಿನಲ್ಲಿ ಖಾಯಂ ಜಾಗ ಹಿಡಿಯಿತು. ಹಳೇ ಕಾರ್ಡುಗಳಲ್ಲಿ 'ಒಂದು ಕ್ಯಾನ್' ಎಂದು ಮತ್ತೆ ಮತ್ತೆ ಕಾಣುವುದು ಇದಕ್ಕೇ. ಬರೆದವರಿಗೆ ಅದು ಸೂಪಲ್ಲ. ಅದು ಗಟ್ಟಿ ಸಾಸ್, ಉಪ್ಪು, ಕೊಬ್ಬು, ಅಣಬೆಯ ರುಚಿ, ಎಲ್ಲ ಸೇರಿದ ಒಂದು ಡಬ್ಬಿ.

ಉಪ್ಪು ಅಂದೆನಲ್ಲ, ಕಾರ್ಡನ್ನು ಇನ್ನೊಂದು ಸಲ ನೋಡಿ. ಅದರಲ್ಲಿ ಉಪ್ಪೇ ಇಲ್ಲ. ನಾನು ಅದನ್ನು ಗಮನಿಸಿದ್ದು ಎರಡನೇ ಸಲ ಕೆಡಿಸಿದ ಮೇಲೆ.

ಎರಡನೇ ಸಲ ಟೊಮೆಟೊ ಬಿಟ್ಟೆ. ಆಲೂಗಡ್ಡೆಯನ್ನು 3 ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ ಕುದಿಯುವ ನೀರಿನಲ್ಲಿ 5 ನಿಮಿಷ ಬೇಯಿಸಿ ಬಸಿದೆ. ಸೂಪಿನ ಬದಲು ಬಿಳಿ ಸಾಸ್ ಮಾಡಿದೆ. ಬೆಣ್ಣೆ ಕರಗಿಸಿ, ಮೈದಾ ಹಾಕಿ ಹಸಿ ವಾಸನೆ ಹೋಗುವ ತನಕ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಕದಡಬೇಕು. ಒಂದು ಕಪ್ ಹಾಲಿಗೆ ಒಂದು ದೊಡ್ಡ ಚಮಚ ಮೈದಾ ಹಾಕಿದರೆ ಸಾಸ್ ತೆಳ್ಳಗೆ, ಎರಡು ಹಾಕಿದರೆ ಮಧ್ಯಮ, ಮೂರು ಹಾಕಿದರೆ ಗಟ್ಟಿ. ಬೆಣ್ಣೆಯೂ ಮೈದಾದಷ್ಟೇ ಚಮಚ. ಇದೊಂದು ಲೆಕ್ಕ ಗೊತ್ತಿದ್ದರೆ ಕ್ಯಾನಿನ ಹಂಗಿಲ್ಲ.

ಮೊದಲ ಸಲ ನೀರು ಕಂಡು ಬೆದರಿದ್ದೆನಲ್ಲ, ಈ ಸಲ ಮೂರು ಚಮಚಕ್ಕೇ ಹೋದೆ. ಅದೂ ಸಾಲದೆಂದು ಪಾತ್ರೆಗೆ ಏನೂ ಮುಚ್ಚದೆ 50 ನಿಮಿಷ ಬೇಯಿಸಿದೆ. ಹೊರಗೆ ಬಂದದ್ದು ಇಟ್ಟಿಗೆ. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಆಲೂಗಡ್ಡೆ, ರಾಜ್ಮಾ ಎರಡೂ ಸಾಸಿನ ನೀರನ್ನು ಕುಡಿದು ಕೂತಿದ್ದವು. ಉಳಿದದ್ದನ್ನು ಓವನ್ನಿನ ಒಣ ಗಾಳಿ ಕುಡಿದಿತ್ತು. ರುಚಿ ನೋಡಿದರೆ ಸಪ್ಪೆ. ಕ್ಯಾನಿನ ಜೊತೆ ಉಪ್ಪೂ ಹೋಗಿತ್ತು, ಮಾಂಸದ ಜೊತೆ ಕೊಬ್ಬೂ ಹೋಗಿತ್ತು. ನಾನು ಅವನ್ನು ವಾಪಸ್ ತಂದಿರಲಿಲ್ಲ.

ಆಗ ನನಗೆ ಈ ಅಡುಗೆ ಅರ್ಥವಾಗತೊಡಗಿತು. ಕ್ಯಾಸರೋಲ್ ಎಂದರೆ ಮೇಲ್ನೋಟಕ್ಕೆ ಚೀಸು, ಸಾಸು, ಪದರಗಳು. ಒಳಗೆ ನಡೆಯುವುದು ನೀರಿನ ವ್ಯವಹಾರ. ಯಾರು ನೀರು ಕೊಡುತ್ತಾರೆ, ಯಾರು ಕುಡಿಯುತ್ತಾರೆ, ಎಷ್ಟು ಆವಿಯಾಗಿ ಹೋಗುತ್ತದೆ. ಒಲೆಯ ಮೇಲಾದರೆ ಕೈಯಲ್ಲಿ ಸೌಟು ಇರುತ್ತದೆ. ಗಟ್ಟಿಯಾದರೆ ನೀರು ಹಾಕಬಹುದು, ತೆಳ್ಳಗಾದರೆ ಕುದಿಸಬಹುದು. ಇಲ್ಲಿ ಬಾಗಿಲು ಹಾಕಿದ ಮೇಲೆ ನಮ್ಮದೇನೂ ನಡೆಯುವುದಿಲ್ಲ. ಲೆಕ್ಕ ಮೊದಲೇ ಮುಗಿದಿರಬೇಕು. ಹಾಗಾಗಿ ಒಂದು ಸಾಮಾನು ತೆಗೆದು ಇನ್ನೊಂದು ಹಾಕುವಾಗ ನಾನೀಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಇದು ಕೊಡುವ ಜಾತಿಯೋ, ಕುಡಿಯುವ ಜಾತಿಯೋ?

ಅಣಬೆ ಕೊಡುವ ಜಾತಿ. ಅದರ ತೂಕದಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ನೀರೇ. ಪಾಲಕ್, ಸೀಮೆ ಸೌತೆ, ಟೊಮೆಟೊ ಕೂಡ ಹಾಗೇ. ಫ್ರೀಜರಿನಿಂದ ತೆಗೆದ ತರಕಾರಿ ಇನ್ನೂ ಧಾರಾಳಿ. ಹೆಪ್ಪುಗಟ್ಟುವಾಗ ಅದರ ಕಣಗಳು ಒಡೆದಿರುತ್ತವೆ, ಕರಗಿದ ತಕ್ಷಣ ನೀರು ಬಿಡುತ್ತದೆ. ಬೆಂದ ಕಾಳು, ಆಲೂಗಡ್ಡೆ, ಬ್ರೆಡ್ಡು, ಅಕ್ಕಿ, ಪಾಸ್ತಾ ಎಲ್ಲ ಕುಡಿಯುವವರು. ಕ್ಯಾರೆಟ್ ಯಾರ ತಂಟೆಗೂ ಹೋಗುವುದಿಲ್ಲ. ಮಾಂಸ ಮೊದಲು ಕೊಡುತ್ತದೆ, ನೀರನ್ನೂ ಕೊಬ್ಬನ್ನೂ. ಅದನ್ನು ತೆಗೆದು ಕಾಳು ಹಾಕಿದೆವು ಎಂದರೆ ಕೊಡುವವರ ಜಾಗಕ್ಕೆ ಕುಡಿಯುವವರನ್ನು ಕೂರಿಸಿದ ಹಾಗೆ.

ಕಾಳಿನ ಮಾತು ಬಂದಿದ್ದರಿಂದ ರಾಜ್ಮಾ ಬಗ್ಗೆ ಒಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡೇಪಕ್ಷ 10 ನಿಮಿಷ ಕೊತಕೊತ ಕುದಿಸಬೇಕು. 30 ನಿಮಿಷ ಕುದಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ಕುದಿಯದೆ ಬರೀ ಬೆಚ್ಚಗಿನ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ವಿಷ ಹೋಗುವುದಿಲ್ಲ, ಇನ್ನೂ ಹೆಚ್ಚಲೂಬಹುದು. ಆದ್ದರಿಂದ ಹಸಿ ರಾಜ್ಮಾವನ್ನು ನೇರವಾಗಿ ಕ್ಯಾಸರೋಲಿಗೆ ಹಾಕಿ 'ಓವನ್ನಿನಲ್ಲೇ ಬೇಯಲಿ ಬಿಡು' ಅನ್ನುವುದು ಬೇಡ. ಕ್ಯಾನಿನ ರಾಜ್ಮಾ ಪೂರ್ತಿ ಬೆಂದಿರುತ್ತದೆ, ಅದಕ್ಕೆ ಈ ಚಿಂತೆಯಿಲ್ಲ. ಒಣಗಿದ 100 ಗ್ರಾಂ ರಾಜ್ಮಾ ಬೆಂದ ಮೇಲೆ ಸುಮಾರು 240 ಗ್ರಾಂ ಆಗುತ್ತದೆ. ಬಸಿದ 400 ಗ್ರಾಂ ಕ್ಯಾನಿನಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಸಿಗುವುದು.

ಮೂರನೇ ಸಲ ಅರ್ಧ ಗೆದ್ದೆ. ಸಾಸನ್ನು ಎರಡು ಚಮಚದ ಹದಕ್ಕೆ ತಂದೆ. ಉಪ್ಪು ಸಾಸಿಗೂ ಹಾಕಿದೆ, ಆಲೂಗಡ್ಡೆ ಬೇಯಿಸುವ ನೀರಿಗೂ ಹಾಕಿದೆ. ರಾಜ್ಮಾದಲ್ಲಿ ಮೂರನೇ ಒಂದು ಪಾಲನ್ನು ಕಿವುಚಿ, ಅದು ಬೆಂದ ನೀರಿನ ಜೊತೆ ಬೆರೆಸಿದೆ. ಕಿವುಚಿದ ಕಾಳು ಉಳಿದ ಕಾಳುಗಳ ಸುತ್ತ ಗಟ್ಟಿ ಗೊಜ್ಜಿನ ಹಾಗೆ ಅಂಟಿಕೊಂಡು ಒಣಗದಂತೆ ಕಾಯುತ್ತದೆ. ಮೊದಲ 30 ನಿಮಿಷ ಪಾತ್ರೆಯ ಮೇಲೆ ಅಲ್ಯೂಮಿನಿಯಂ ಹಾಳೆ ಬಿಗಿದೆ. ಎಲ್ಲ ಸರಿ ಹೋಯಿತು. ಅಣಬೆ ಮಾತ್ರ ಕೈಕೊಟ್ಟಿತು. ಸೋಮಾರಿತನದಿಂದ ಹಸಿಯಾಗೇ ಹೆಚ್ಚಿ ಹಾಕಿದ್ದೆ. ಕೊಡುವ ಜಾತಿ ಎಂದು ನಾನೇ ಪಟ್ಟಿ ಮಾಡಿದ್ದರೂ! ಮೊದಲ ತುಂಡು ತೆಗೆದ ಕೂಡಲೇ ಆ ಖಾಲಿ ಜಾಗಕ್ಕೆ ಬೂದು ಬಣ್ಣದ ನೀರು ಬಂದು ನಿಂತಿತು. ತಿನ್ನಲು ಅಡ್ಡಿಯಿರಲಿಲ್ಲ, ನೋಡಲು ಆಗುತ್ತಿರಲಿಲ್ಲ.

ಆದರೆ ಅದೇ ದಿನ ಒಂದು ಆಕಸ್ಮಿಕವೂ ನಡೆಯಿತು. ಒಂದು ತುಂಡು ತೆಗೆದ ಮೇಲೆ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ 20 ನಿಮಿಷ. ವಾಪಸ್ ಬಂದು ನೋಡಿದರೆ ಪಾತ್ರೆಯಲ್ಲಿ ಉಳಿದದ್ದು ಗಟ್ಟಿಯಾಗಿ ಕೂತಿತ್ತು. ಚಾಕು ಹಾಕಿದರೆ ನೀಟಾಗಿ ಚೌಕ ಚೌಕವಾಗಿ ಬಂತು. ನೀರಿನಲ್ಲೂ ಅರ್ಧ ಮಾಯ. ಓವನ್ನಿನಿಂದ ತೆಗೆದಾಗ ಸಾಸ್ ಇನ್ನೂ ಕುದಿಯುತ್ತಿರುತ್ತದೆ. ಸ್ವಲ್ಪ ಆರಿದ ಮೇಲೆ ಮೈದಾ, ಆಲೂಗಡ್ಡೆಗಳ ಪಿಷ್ಟ ಗಟ್ಟಿಯಾಗಿ ನೀರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ 15 ನಿಮಿಷ ಕಾಯುವುದೂ ಅಡುಗೆಯ ಭಾಗವೇ. ಹಸಿದವರನ್ನು ಆ ಹೊತ್ತಿಗೆ ಅಡುಗೆಮನೆಯಿಂದ ದೂರ ಇಡುವುದೇ ಕಷ್ಟ.

ನಾಲ್ಕನೇ ಸಲ ಮಾಡಿದ್ದನ್ನು ವಿವರವಾಗಿಯೇ ಹೇಳುತ್ತೇನೆ. ಈಗ ನಮ್ಮ ಮನೆಯಲ್ಲಿ ನಡೆಯುವುದು ಇದೇ.

200 ಗ್ರಾಂ ಅಣಬೆಯನ್ನು ಹೆಚ್ಚಿ, ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಹಾಕಿದೆ. ಮೊದಲು ನೀರು ಬಿಟ್ಟುಕೊಂಡು ತನ್ನ ನೀರಲ್ಲೇ ಬೇಯುತ್ತದೆ. ಆಗ ಕೈ ಹಾಕಬಾರದು. ಆ ನೀರೆಲ್ಲ ಹೋಗಿ ಬಾಣಲೆ ಚುರುಚುರು ಅನ್ನಲು ಶುರುವಾದಾಗ ಒಂದು ಚಮಚ ಎಣ್ಣೆ ಹಾಕಿ ಅಂಚು ಕಂದಾಗುವ ತನಕ ಹುರಿಯಬೇಕು. ನೀರಿರುವ ತನಕ ಬಾಣಲೆಯಲ್ಲಿರುವ ಪದಾರ್ಥದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ಹುರಿದ ಘಮ ಬರಲು 140ರ ಮೇಲೆ ಹೋಗಬೇಕು. ನೀರು ಹೋಗದೆ ಬಣ್ಣ ಬರುವುದಿಲ್ಲ. ಮಾಂಸ ತೆಗೆದಾಗ ಕಳೆದುಹೋದ ರುಚಿಯನ್ನು ನಾನು ವಾಪಸ್ ತಂದದ್ದು ಇಲ್ಲಿಂದಲೇ. ಅದೇ ಬಾಣಲೆಯಲ್ಲಿ ಈರುಳ್ಳಿ ಕೆಂಪಗೆ ಹುರಿದು, ಸಣ್ಣಗೆ ಹೆಚ್ಚಿದ ಒಂದು ಕ್ಯಾರೆಟ್, ಅರ್ಧ ಕಪ್ ಬಟಾಣಿ ಹಾಕಿ, ಒಂದು ಸಣ್ಣ ಚಮಚ ಸೋಯಾ ಸಾಸ್ ಸುರಿದೆ. ಸೋಯಾ ಸಾಸ್ ಹಾಕಿದ್ದು ಯಾರಿಗೂ ಗೊತ್ತಾಗಲಿಲ್ಲ. ಹಾಕದಿದ್ದರೆ ಗೊತ್ತಾಗುತ್ತಿತ್ತು.

ಟೊಮೆಟೊ ಬೇಕೇ ಬೇಕು ಎಂದು ಮಗಳು ಹಟ ಹಿಡಿದಿದ್ದಳು. ಎರಡು ಟೊಮೆಟೊ ಹೆಚ್ಚಿ, ಬಾಣಲೆಯ ತಳ ಕಾಣುವಷ್ಟು ಗಟ್ಟಿಯಾಗುವ ತನಕ ಬೇಯಿಸಿದೆ. ನಾಲ್ಕು ಚಮಚ ಉಳಿಯಿತು. ಅದನ್ನು ಬೆಂದ 240 ಗ್ರಾಂ ರಾಜ್ಮಾಕ್ಕೆ ಬೆರೆಸಿ ಎಲ್ಲಕ್ಕಿಂತ ಕೆಳಗಿನ ಪದರ ಮಾಡಿದೆ. ಅದರ ಮೇಲೆ ಅಣಬೆ, ತರಕಾರಿ. ಅದರ ಮೇಲೆ ಉಪ್ಪು ನೀರಲ್ಲಿ 5 ನಿಮಿಷ ಬೇಯಿಸಿ, ಬಸಿದು, ಆವಿ ಹೋಗಲು ಬಟ್ಟೆಯ ಮೇಲೆ ಹರಡಿಟ್ಟಿದ್ದ ಅರ್ಧ ಕಿಲೊ ಆಲೂಗಡ್ಡೆ ಬಿಲ್ಲೆಗಳು. ಕೊನೆಗೆ ಬಿಳಿ ಸಾಸ್. 250 ಮಿಲಿ ಹಾಲು, ಎರಡು ದೊಡ್ಡ ಚಮಚ ಬೆಣ್ಣೆ, ಎರಡು ದೊಡ್ಡ ಚಮಚ ಮೈದಾ, ಉಪ್ಪು, ಕಾಳುಮೆಣಸು. ಟೊಮೆಟೊ ತಳದಲ್ಲಿ, ಹಾಲು ಮೇಲೆ. ಇಬ್ಬರೂ ಅಷ್ಟಾಗಿ ಸೇರುವುದಿಲ್ಲ. ಸೇರಿದರೂ ಮೈದಾ ಹಾಕಿ ಕುದಿಸಿದ ಹಾಲು ಸುಲಭಕ್ಕೆ ಒಡೆಯುವುದಿಲ್ಲ. ಪಿಷ್ಟ ಆ ಪ್ರೋಟೀನುಗಳು ಒಂದಕ್ಕೊಂದು ಅಂಟದಂತೆ ನಡುವೆ ನಿಲ್ಲುತ್ತದೆ.

ಚೀಸ್ 100 ಗ್ರಾಂ. ಗಟ್ಟಿ ಚೀಸ್ ತಂದು ಮನೆಯಲ್ಲೇ ತುರಿದೆ. ಪೊಟ್ಟಣದಲ್ಲಿ ತುರಿದು ಬರುವ ಚೀಸಿಗೆ ಅಂಟಿಕೊಳ್ಳದ ಹಾಗೆ ಪಿಷ್ಟದ ಪುಡಿಯೋ ಇನ್ನೇನೋ ಉದುರಿಸಿರುತ್ತಾರೆ. ಅದು ಅಷ್ಟು ನಯವಾಗಿ ಕರಗುವುದಿಲ್ಲ. ಅರ್ಧ ಚೀಸ್ ಸಾಸಿನೊಳಗೆ, ಅರ್ಧ ಮೇಲಕ್ಕೆ.

180ರಲ್ಲಿ, ಹಾಳೆ ಮುಚ್ಚಿ 30 ನಿಮಿಷ. ಹಾಳೆ ತೆಗೆದು, ಉಳಿದ ಚೀಸು, ಬೆಣ್ಣೆಯಲ್ಲಿ ಕಲಸಿದ ಅರ್ಧ ಕಪ್ ಬ್ರೆಡ್ ಪುಡಿ ಉದುರಿಸಿ ಇನ್ನೂ 15 ನಿಮಿಷ. ಬ್ರೆಡ್ ಪುಡಿಯನ್ನು ಮೊದಲೇ ಹಾಕಿದರೆ ಹಾಳೆಯ ಕೆಳಗಿನ ಆವಿಗೆ ಮುದ್ದೆಯಾಗುತ್ತದೆ, ಮುಚ್ಚದಿದ್ದರೆ ಕರಕಲಾಗುತ್ತದೆ. ಸಣ್ಣ ಓವನ್ನಿನಲ್ಲಿ ಮೇಲಿನ ಕಾಯಿಲ್ ತೀರಾ ಹತ್ತಿರ ಇರುವುದರಿಂದ ಕೊನೆಯ 5 ನಿಮಿಷ ನಾನು ಗಾಜಿನ ಎದುರೇ ಕೂತಿದ್ದೆ. ಬದಿಯಲ್ಲಿ ಗುಳ್ಳೆ, ಮೇಲೆ ಚಿನ್ನದ ಬಣ್ಣ, ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. 15 ನಿಮಿಷ ಆರಲು ಬಿಟ್ಟೆ. ಎಲ್ಲರನ್ನೂ ಹೊರಗೆ ಕಳಿಸಿ.

ಮೂಲೆಯ ತುಂಡುಗಳಿಗೆ ಜಗಳ ನಡೆಯಿತು. ಎರಡು ಬದಿ ಗರಿಗರಿ ಇರುವುದು ಮೂಲೆಯಲ್ಲಿ ಮಾತ್ರ. ಚೌಕದ ಪಾತ್ರೆಯಲ್ಲಿ ನಾಲ್ಕು ಮೂಲೆ, ಮನೆಯಲ್ಲಿ ಮೂರು ಜನ. ನಾಲ್ಕನೇ ಮೂಲೆಯ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಪಾತ್ರೆಯಲ್ಲೇ ದಪ್ಪಗೆ ಬಿಟ್ಟರೆ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ಅಗಲವಾದ ಡಬ್ಬಿಗೆ ತೆಳ್ಳಗೆ ಹರಡಿದರೆ ಬೇಗ ತಣಿಯುತ್ತದೆ. ಮತ್ತೆ ಬಿಸಿ ಮಾಡುವಾಗ ನಡುವೆಯೂ 74 ಡಿಗ್ರಿ ಮುಟ್ಟಬೇಕು. ಕುಡಿಯುವವರು ರಾತ್ರಿಯಿಡೀ ಕುಡಿಯುತ್ತಲೇ ಇರುತ್ತಾರೆ, ಹಾಗಾಗಿ ಮಾರನೇ ದಿನ ಎರಡು ಚಮಚ ಹಾಲು ಚಿಮುಕಿಸಿ ಮುಚ್ಚಿ ಬಿಸಿ ಮಾಡುತ್ತೇನೆ. ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ ಇನ್ನೊಂದು ಜಾಗ್ರತೆ. ತಣ್ಣಗಿನ ಗಾಜಿನ ಪಾತ್ರೆಯನ್ನು ಸೀದಾ ಬಿಸಿ ಓವನ್ನಿಗೆ ತಳ್ಳಬೇಡಿ, ಗಾಜು ಒಡೆಯಬಹುದು. ಸ್ವಲ್ಪ ಹೊತ್ತು ಹೊರಗಿಟ್ಟು, ತಣ್ಣಗಿನದು ಹೋದ ಮೇಲೆ ಇಡಿ. ಬೇಯುವ ಹೊತ್ತೂ 10-15 ನಿಮಿಷ ಜಾಸ್ತಿ ಹಿಡಿಯುತ್ತದೆ.

ಇಷ್ಟನ್ನೂ ಬರೆದು ಗೆಳತಿಗೆ ಕಳಿಸಿದೆ. ಅವಳ ಹತ್ತು ಸಾಲಿನ ಕಾರ್ಡಿಗೆ ನನ್ನ ಮೂರು ಪುಟದ ಉತ್ತರ. ವಾರ ಕಳೆದ ಮೇಲೆ ಫೋನ್ ಮಾಡಿದಳು.

"ನಿಂದು ಮಾಡಿದೆ. ಚೆನ್ನಾಗಿತ್ತು. ಸ್ವಲ್ಪ ಒಣಗಿತ್ತಪ್ಪ."

"ಎಲ್ಲ ನಾನು ಬರೆದ ಹಾಗೇ ಹಾಕಿದೆಯಾ?"

"ಹಾಗೇ ಹಾಕಿದೆ. ಆಲೂಗಡ್ಡೆ ಖಾಲಿಯಾಗಿತ್ತು, ಅದರ ಬದಲು ಪಾಸ್ತಾ ಹಾಕಿದೆ ಅಷ್ಟೇ."

"ಬೇಯಿಸಿ ಹಾಕಿದೆಯಾ, ಹಸಿದಾ?"

"ಹಸಿದೇ. ಓವನ್ನಿನಲ್ಲಿ ಬೇಯಲ್ವಾ?"

ಬೇಯುತ್ತದೆ. ಆದರೆ ಒಣ ಪಾಸ್ತಾ ಬೇಯುವಾಗ ತನ್ನ ತೂಕಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. 200 ಗ್ರಾಂ ಹಾಕಿದ್ದರೆ ಕಾಲು ಲೀಟರಿಗಿಂತ ಮೇಲೆ ಬೇಕು, ಅದೂ ಸಾಸಿನ ಲೆಕ್ಕ ಬಿಟ್ಟು. ಮುಂದಿನ ಸಲ ಒಂದೂವರೆ ಕಪ್ ಬಿಸಿ ನೀರು ಸೇರಿಸಿ, ಹಾಳೆಯನ್ನು ಬಿಗಿಯಾಗಿ ಮುಚ್ಚು ಎಂದೆ. ಬರೆದುಕೊಂಡಳು. ಆ ಹಳೇ ಕಾರ್ಡಿನ ಹಿಂಬದಿಯಲ್ಲೇ ಅಂತೆ.